ನೆಲ ಮುಟ್ಟದ ತಂತಿ

ಗೋಡೆಯ ಮೂರು ತೂತಿನ ಸಾಕೆಟ್ಟಿಗೆ ಸಿಕ್ಕಿಸಿದ ಕೂಡಲೇ ‘ನೆಲಗಣ್ಣು’ ಕೆಂಪಗಾಯಿತು. ಸೃಷ್ಟಿ ಹೊಂಬಳ ಅದನ್ನು ಕಿತ್ತು ಪಕ್ಕದ ಸಾಕೆಟ್ಟಿಗೆ ಹಾಕಿದಳು. ಅಲ್ಲೂ ಕೆಂಪು. ತಾನು ಕಂಡುಹಿಡಿದ ಯಂತ್ರ ಹುಬ್ಬಳ್ಳಿಯ ಸ್ವಂತ ಅಣ್ಣನ ಮನೆಯಲ್ಲೇ ಹೀಗೆ ಮುಖಕ್ಕೆ ಹೊಡೆದಂತೆ ಹೇಳುತ್ತದೆಂದು ಈ ವಿಜ್ಞಾನಿ ಎಣಿಸಿರಲಿಲ್ಲ.

ಸಾಕೆಟ್ಟಿನ ದೊಡ್ಡ ತೂತಿನಿಂದ ಹೊರಡುವ ತಂತಿ ಮಣ್ಣಿನವರೆಗೆ ಹೋಗಬೇಕು. ಮಷೀನಿನ ಮೈಗೆ ಕರೆಂಟು ಸೋರಿದರೆ ಅದು ಮನುಷ್ಯನನ್ನು ಹಿಡಿಯದೆ ಆ ದಾರಿಯಲ್ಲಿ ನೆಲಕ್ಕಿಳಿಯಲೆಂದು ಈ ಏರ್ಪಾಡು. ಅರ್ಥಿಂಗ್ ಎನ್ನುವುದು ಇದಕ್ಕೇ. ನೆಲಗಣ್ಣು ಆ ತಂತಿಯೊಳಗೆ ಸಣ್ಣ ಮಿಡಿತವೊಂದನ್ನು ಕಳಿಸಿ, ಅದು ಮಣ್ಣು ಮುಟ್ಟಿತೋ ಇಲ್ಲವೋ, ಇಲ್ಲದಿದ್ದರೆ ಎಲ್ಲಿ ಕಡಿದಿದೆ ಎಂದು ತೋರಿಸುತ್ತಿತ್ತು. ಅದು 2061ನೇ ಇಸವಿ. ಅಡುಗೆಮನೆಗಳು ತಾವೇ ಒಗ್ಗರಣೆ ಹಾಕುತ್ತಿದ್ದವು, ಗೋಡೆಯೊಳಗಿನ ಈ ತಂತಿಯನ್ನು ಮಾತ್ರ ಕೇಳುವವರಿರಲಿಲ್ಲ.

“ವಾಷಿಂಗ್ ಮಷೀನ್ ಮುಟ್ಟಿದ್ರ ಜುಂ ಅಂತದ,” ಎಂದಳು ಅತ್ತಿಗೆ ಸಿಂಚನಾ. “ಅದಕ್ಕ ಮುಂದ ಕಟಗಿ ಮಣಿ ಹಾಕೇವಿ. ಅದರ ಮ್ಯಾಲ ನಿಂತು ಬಟ್ಟಿ ಹಾಕ್ತೀನಿ.”

ಅವಳ ಮೊಮ್ಮಗು ಆ ಮಣೆಯ ಪಕ್ಕದ ಒದ್ದೆ ನೆಲದ ಮೇಲೆ ಅಂಬೆಗಾಲಿಡುತ್ತ ಮಷೀನಿನತ್ತಲೇ ಹೊರಟಿತ್ತು. ಸೃಷ್ಟಿ ಓಡಿಹೋಗಿ ಕೂಸನ್ನು ಎತ್ತಿಕೊಂಡಳು. ಸಿಟ್ಟು ನೆತ್ತಿಗೇರಿತು.

ಯಂತ್ರ ತೋರಿಸಿದ ಜಾಡು ಹಿಡಿದು ಕೆಳಗಿಳಿದರೆ, ಕಾರು ನಿಲ್ಲಿಸುವ ಜಾಗದ ಟೈಲ್ಸಿನ ಅಡಿಯಲ್ಲಿ ತಂತಿ ಕಡಿದಿತ್ತು. ಅಪಾರ್ಟ್‌ಮೆಂಟಿನ ಸಂಘಕ್ಕೆ ಅಣ್ಣ ಪ್ರಜ್ವಲನೇ ಅಧ್ಯಕ್ಷ.

“ಇಲ್ಲಿ ಅರ್ಥಿಂಗ್ ತಗ್ಗು ಇತ್ತಲ್ಲಾ, ಏನಾತಣ್ಣಾ?”

“ಮುಚ್ಚಿಸಿದ್ವಿ. ನೈರುತ್ಯ ಮೂಲ್ಯಾಗ ತಗ್ಗು ಇದ್ರ ಮನಿಯವರಿಗೆ ಕೇಡು ಅಂತ ವಾಸ್ತುದವ್ರು ಹೇಳಿದ್ರು.”

“ಕೇಡಾಗಬಾರದಂತ ಇಡೀ ಬಿಲ್ಡಿಂಗಿನ ಅರ್ಥಿಂಗ್ ಕಡದ್ರೇನು? ತಲಿ ನೆಟ್ಟಗದ ಏನು ನಿಮಗ?”

“ಒದರಬ್ಯಾಡ. ನಾಳೆ ತಪಾಸಣೆಯವ್ರು ಇದ ಯಂತ್ರ ಹಿಡಕೊಂಡು ಬರ್ತಾರ. ಹಸರು ದೀಪ ಹತ್ತೂ ಹಂಗ ಏನರ ಮಾಡು. ನೀನ ಮಾಡಿದ್ದಲ್ಲೇನು ಅದು?”

ಅಣ್ಣನೆಂಬ ಮುಲಾಜು ಅಲ್ಲಿಗೆ ಮುಗಿಯಿತು. ಅರ್ಥಿಂಗ್ ಇಲ್ಲದ ಕಟ್ಟಡಕ್ಕೆ ಕರೆಂಟು ನಿಲ್ಲಿಸುವ ಅಧಿಕಾರವನ್ನು ಕಾನೂನು ನೆಲಗಣ್ಣಿಗೆ ಕೊಟ್ಟಿತ್ತು. ಸೃಷ್ಟಿ ಅದರ ಬಟನ್ ಒತ್ತಿದಳು.

ಲಿಫ್ಟು, ಫ್ಯಾನು, ಟಿವಿ ಎಲ್ಲವೂ ನಿಂತವು. ಮನೆಮನೆಯವರೂ ಮೆಟ್ಟಿಲಿಳಿದು ಬಂದು ಅವಳ ಮೇಲೆ ಹರಿಹಾಯ್ದರು. ಒಬ್ಬರ ಅನ್ನ ಅರ್ಧ ಬೆಂದಿದೆಯಂತೆ, ಇನ್ನೊಬ್ಬರಿಗೆ ಎ.ಸಿ. ಇಲ್ಲದೆ ಉಸಿರು ಕಟ್ಟುತ್ತದಂತೆ. ಜೀವ ಕಾಯುವ ತಂತಿ ಕಡಿದಾಗ ತೆಪ್ಪಗಿದ್ದವರಿಗೆ ಒಂದಿಷ್ಟು ಹೊತ್ತು ಕರೆಂಟು ಹೋಗಿದ್ದಕ್ಕೆ ಇಷ್ಟು ರೋಷ! ನಾಚಿಕೆಗೇಡು.

ಬೇರೆ ದಾರಿ ಕಾಣದೆ ಕೊನೆಗೆ ಟೈಲ್ಸ್ ಒಡೆಸಿದರು. ತಾಮ್ರದ ತಗಡು ಹೂಳಿ, ಸುತ್ತ ಇದ್ದಿಲು, ಉಪ್ಪು ತುಂಬಿ, ತಂತಿ ಜೋಡಿಸಿ ನೀರು ಸುರಿದರು. ಸಂಜೆಗೆ ಯಾವ ಸಾಕೆಟ್ಟಿಗೆ ಸಿಕ್ಕಿಸಿದರೂ ನೆಲಗಣ್ಣಿನ ಹಸಿರು ದೀಪ ಹತ್ತಿತು, ಕರೆಂಟೂ ಬಂತು. ಬೈದ ಬಾಯಿಗಳೇ ಈಗ ಎಂಥ ಯಂತ್ರ, ಎಂಥ ಬುದ್ಧಿ ಎಂದು ಸೃಷ್ಟಿಯನ್ನು ಹೊಗಳಿದವು. ಅವಳೂ ಬೀಗಿದಳು.

ಸಿಂಚನಾ ಹೊಗಳಲಿಲ್ಲ. ಕೂಸನ್ನು ಸೊಂಟಕ್ಕೇರಿಸಿಕೊಂಡು ಗಂಡನನ್ನೂ ನಾದಿನಿಯನ್ನೂ ದುರುಗುಟ್ಟಿಕೊಂಡು ನೋಡಿದಳು.

“ಎರಡು ಸಾವಿರದ ಇಪ್ಪತ್ತೈದನೇ ಇಸವ್ಯಾಗ ನಮ್ಮವ್ವ ಜುಂ ಅಂತದ ಅಂದ್ರ, ಮನ್ಯಾಗಿನವ್ರು ಚಪ್ಪಲ್ ಹಾಕ್ಕೋ ಅಂದ್ರು. ನಾ ಅಂದ್ರ ಮಣಿ ತಂದುಕೊಟ್ರಿ. ನಮ್ಮ ಕೈ ಹೇಳಿದ್ದು ನಂಬಾಕ ನಿಮಗ ಯಂತ್ರ ಹುಟ್ಟೂ ತನಕ ಕಾಯಬೇಕಾತೇನು?”