ಸ್ವಿಚ್ಚಿನ ನಡುವೆ

ಗಾಜಿನ ವಾಲ್ವ್‌ಗಳಿದ್ದ ನಮ್ಮ ಹಳೇ ಆಂಪ್ಲಿಫೈಯರ್ ಸುಟ್ಟುಹೋದ ಮೇಲೆ, ತೀರಿಕೊಂಡ ನನ್ನ ಗಂಡನ ಹಾಡಿನ ಕ್ಯಾಸೆಟ್ಟನ್ನು ಎಲ್ಲಿ ಹಾಕಿದರೂ ಮಗಳು "ಇದು ಅಪ್ಪ ಅಲ್ಲ" ಎಂದು ಎದ್ದುಹೋಗುತ್ತಿದ್ದಳು.

ರೇಡಿಯೋ ಅಂಗಡಿಯ ಮಾಮ ಎರಡು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳನ್ನು ಒಂದೇ ಸ್ವಿಚ್ಚಿಗೆ ಜೋಡಿಸಿ, ಅವಳ ಕಣ್ಣು ಮುಚ್ಚಿಸಿ, ಅದೇ ಕ್ಯಾಸೆಟ್ ಹಾಕಿದರು. ಮೊದಲನೆಯದರ ದನಿ ಒಣಕಲು. ಎರಡನೆಯದು ವಾಲ್ವಿನಷ್ಟೇ ಬೆಚ್ಚಗೆ, ತುಂಬಿಕೊಂಡು ಹಾಡಿತು. ಮಾಡಿದವರಿಗೆ ಕೈ ಮುಗಿಯಬೇಕೆನ್ನಿಸಿತು.

"ಇದು ಚೆನ್ನಾಗಿದೆ ಮಾಮ. ಆದ್ರೆ ನಡುವೆ ಹಾಕಿದ್ರಲ್ಲ, ಅದೇ ಅಪ್ಪ."

"ನಡುವೆ ಎರಡೂ ಬಂದ್ ಆಗಿರುತ್ತೆ ಕಣೇ, ತರಲೆ!" ಎಂದು ನಕ್ಕು ಮಾಮ ಸ್ವಿಚ್ಚನ್ನು ನಡುವೆ ನಿಲ್ಲಿಸಿದರು.

ಮಗಳು ಮೆಲ್ಲಗೆ ತಾಳ ಹಾಕತೊಡಗಿದಳು. ನನಗೇನೂ ಕೇಳಿಸಲಿಲ್ಲ. ಮಾಮ ಸ್ಪೀಕರಿನ ಮೇಲೆ ಕೈಯಿಟ್ಟರು, ನಗು ನಿಂತಿತು. ನಾನೂ ಇಟ್ಟೆ. ಅದೇ ತಾಳಕ್ಕೆ ಅದು ಒಳಗಿಂದ ಮಿಡಿಯುತ್ತಿತ್ತು.

ಎರಡನೆಯದನ್ನೇ ಕೊಂಡೆವು. ನಿಜಕ್ಕೂ ಸೊಗಸಾದ ಯಂತ್ರ. ಮಗಳು ದಿನಾ ಅದನ್ನು ಆಫ್ ಮಾಡಿ, ಎದುರು ಕೂತು ಕೇಳುತ್ತಾಳೆ.