ಗಿರಣಿ ನಿಂತ ಮೇಲಿನ ಒಂದು ನಿಮಿಷ

ಹೊಸ ಗೋಧಿ ಮನೆಗೆ ಬಂದ ದಿನಗಳು. ಬಿಸಿಲು ಇನ್ನೂ ಬಲಿತಿರಲಿಲ್ಲ. ಆಗಲೇ ಗಿರಣಿಯ ಬಾಗಿಲಿನಿಂದ ರಸ್ತೆಯವರೆಗೂ ಚೀಲ, ಡಬ್ಬಿ, ಬುಟ್ಟಿಗಳ ಸಾಲು. ಒಳಗೆ ಕಲ್ಲು ಗುಡುಗುತ್ತಿತ್ತು, ಬೆಲ್ಟು ಪಟಪಟ ಬಡಿಯುತ್ತಿತ್ತು. ಮೊಣಕೈವರೆಗೆ ಬೆಳ್ಳಗಾಗಿದ್ದ ಅವಳು, ಬೀಳುತ್ತಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ತಿಕ್ಕಿ ನುಣುಪು ನೋಡುತ್ತಿದ್ದಳು.

ತುಂಬಿದ ಡಬ್ಬಿ ಎತ್ತಿಕೊಂಡು ಹಿಂತಿರುಗಿದಳು... ಎದೆ ಧಸಕ್ಕೆಂದಿತು!

ಎದುರಿಗೇ ಒಬ್ಬ ಗಂಡಸು. ಅವನ ಕೈಯ ಕೋಲಿನ ತುದಿಗೆ ಸತ್ತ ಬೆಕ್ಕಿನಂಥ ಕೂದಲುಂಡೆ!

"ಅಯ್ಯಯ್ಯೋ!"

ಡಬ್ಬಿ ಜಾರಿತು. ಅರ್ಧ ಹಿಟ್ಟು ನೆಲಕ್ಕೆ, ಉಳಿದರ್ಧ ಅವನ ಮೈಮೇಲೆ.

"ಕಳ್ಳನ ಹಾಗೆ ಹಿಂದಿನಿಂದ ಬರ್ತಾರೇನ್ರೀ?"

"ಆರು ಸಲ ಕೂಗಿದೆ ಕಣ್ರೀ," ಅವನು ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡ. "ಇದು ಮೈಕು, ಗಾಳಿ ತಡೆಯೋಕೆ ಈ ತುಪ್ಪಳ. ನಾನು ಸದ್ದು ಹಿಡಿಯೋನು."

"ಇಲಿ ಹಿಡಿಯೋರನ್ನ ಕಂಡಿದ್ದೆ. ಸದ್ದು ಹಿಡಿಯೋರನ್ನ ಇವತ್ತೇ ಕಂಡಿದ್ದು!"

ತಕ್ಕಡಿಯ ಹತ್ತಿರ ಕೂತಿದ್ದ ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸದ್ದಪ್ಪ ಬಂದ ಕಣೇ!"

ಅಂದಿನಿಂದ ಅವನಿಗೆ ಅದೇ ಹೆಸರಾಯಿತು.

ಚೆಲ್ಲಿದ ಹಿಟ್ಟಿಗೆ ಬದಲಾಗಿ ಚೀಲ ಎತ್ತಿಕೊಡಬೇಕೆಂದು ಅವಳು ತೀರ್ಪು ಕೊಟ್ಟಳು. ಅವನು ಎತ್ತಿದ. ಬಿಡುವಾದಾಗ ಕಿವಿಗೆ ಹೆಡ್‌ಫೋನ್ ಏರಿಸಿ ಮೂಲೆಯಲ್ಲಿ ಕೂರುತ್ತಿದ್ದ. ಪೊರಕೆ ಗುಡಿಸುವುದು, ಕೊಡ ತುಂಬುವುದು, ಸೈಕಲ್ ಚೈನು ಕಿರುಗುಟ್ಟುವುದು... ಎಲ್ಲರೂ ದಿನವೂ ಕೇಳಿ, ಯಾರೂ ಕಿವಿಗೊಡದ ಸದ್ದುಗಳೇ ಅವನಿಗೆ ಬೇಕು.

"ಗಿರಣಿ ನಿಂತೇ ಹೋಯ್ತಲ್ಲ, ಇನ್ನೇನು ಹಿಡೀತಿದೀರಿ?" ಒಮ್ಮೆ ಕೇಳಿದಳು.

"ನಿಂತ ಮೇಲೆ ಒಂದು ನಿಮಿಷ ಬಿಡ್ತೀನಿ. ಆ ನಿಮಿಷದಲ್ಲಿ ನಾನೂ ಮಾತಾಡಲ್ಲ, ಆಮೇಲೆ ಕತ್ತರಿಸೋದೂ ಇಲ್ಲ. ಎಲ್ಲ ಮುಗಿದಾಗ ನಿಮಗೂ ಒಂದು ಪ್ರತಿ ಕೊಡ್ತೀನಿ."

ಅವನು ಮಾತಾಡುವಾಗ ಅವಳು ಕಣ್ಣು ಕೀಳದೆ ಅವನ ತುಟಿಯನ್ನೇ ನೋಡುತ್ತಿದ್ದಳು.

"ಅವನ ಬಾಯಿಂದ ಮುತ್ತು ಉದುರ್ತವೇನೇ?" ಚಿಕ್ಕಮ್ಮ ಛೇಡಿಸಿದಳು.

'ಉದುರುತ್ತವೇನೋ...' ಅಂದುಕೊಂಡು ಕೆಂಪಾದಳು. ಮುಖದ ಮೇಲೆ ಹಿಟ್ಟಿದ್ದದ್ದು ಒಳ್ಳೆಯದಾಯಿತು!

ಎಂಟು ದಿನ ಹೀಗೆ ಕಳೆದವು. ಒಂಬತ್ತನೆಯ ದಿನ ಅವನು ಬರಲಿಲ್ಲ.

"ಬೆಳಿಗ್ಗೆ ನೀನು ಸ್ನಾನಕ್ಕೆ ಹೋಗಿದ್ದಾಗ ಬಂದಿದ್ದ," ಚಿಕ್ಕಮ್ಮ ಒಂದು ಹಳೆಯ ರೆಕಾರ್ಡರ್, ಹೆಡ್‌ಫೋನ್ ಮುಂದಿಟ್ಟಳು. "ಕೊಟ್ಟ ಮಾತಂತೆ. ಎರಡರ ಬಸ್ಸಿಗೆ ಹೊರಡ್ತಾನಂತೆ. ಮುಖ ಬಾಡಿತ್ತು."

ಒಂದು ಮಾತೂ ಹೇಳದೆ ಹೊರಟನೇ? 'ನಾನೊಬ್ಬಳು ಹುಚ್ಚಿ... ಅವನಿಗೆ ಬೇಕಾಗಿದ್ದದ್ದು ಗಿರಣಿಯ ಸದ್ದು ಮಾತ್ರ!'

ಮಧ್ಯಾಹ್ನ ಕರೆಂಟು ಹೋಯಿತು. ಮನಸ್ಸು ತಡೆಯದೆ ಹೆಡ್‌ಫೋನ್ ಹಾಕಿ ಸದ್ದನ್ನು ಪೂರ್ತಿ ಏರಿಸಿದಳು. ಕಲ್ಲು ಗುಡುಗಿತು. ನಿಧಾನವಾಯಿತು. ನಿಂತಿತು.

ಆಮೇಲೆ... ಚಿಕ್ ಚಿಕ್ ಚಿಕ್ ಚಿಕ್!

"ಚಿಕ್ಕಮ್ಮ, ಇದೇನಿದು?" ಹೆಡ್‌ಫೋನನ್ನು ಅವಳ ಕಿವಿಗಿಟ್ಟಳು.

"ಗುಬ್ಬಿ ಕಣೇ! ತೊಲೆ ಮೇಲೆ ಕೂತು ದಿನವಿಡೀ ತಲೆ ತಿಂತಾವಲ್ಲ, ಅವೇ. ಈಗಲೂ ಕೂಗ್ತಿಲ್ವೇ?"

ಅವಳು ತಲೆ ಎತ್ತಿದಳು.

ತೊಲೆಯ ಮೇಲೆ ಎರಡು ಗುಬ್ಬಿಗಳು. ಕೊಕ್ಕು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಪುಟ್ಟ ಗಂಟಲು ಉಬ್ಬುತ್ತಿತ್ತು.

ಸದ್ದಿಲ್ಲ!

ಹದಿನೈದು ವರ್ಷ ಕಲ್ಲಿನ ಪಕ್ಕದಲ್ಲೇ ನಿಂತವಳು. ಗಿರಣಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವವರು; ಕಿವಿ ಮಂದವಾದದ್ದು ಯಾರಿಗೂ ತಿಳಿದಿರಲಿಲ್ಲ, ಅವಳಿಗೂ!

ಹೆಡ್‌ಫೋನನ್ನು ಮತ್ತೆ ಹಾಕಿಕೊಂಡಳು. ಗುಬ್ಬಿಗಳ ನಡುವೆ ಒಂದು ದನಿ... ಮೆಲ್ಲಗೆ, ಅಳುಕುತ್ತ...

"ಇಲ್ಲಿ ನೋಡಿ... ಈ ನಿಮಿಷ ಮಾತಾಡಬಾರದು, ಗೊತ್ತು. ನನ್ನನ್ನ ಮದುವೆ ಆಗ್ತೀರಾ?"

ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು!

ಆಮೇಲೆ ಅವಳದೇ ಹೆಜ್ಜೆಗಳು; ನಿನ್ನೆ ಕೊನೆಯ ಡಬ್ಬಿ ತುಂಬಿಟ್ಟಾಗಿನವು. ಡಬ್ಬಿಯ ಮುಚ್ಚಳ ಮುಚ್ಚಿದ ಸದ್ದು. ಏನೋ ಗುನುಗುತ್ತ ಅವಳು ದೂರ ಹೋದದ್ದು. ಕೊನೆಗೆ ಅವನು: "ಸರಿ... ಅರ್ಥ ಆಯ್ತು."

ಅವಳು ಹೆಡ್‌ಫೋನ್ ಕಳಚಿದಳು. "ಚಿಕ್ಕಮ್ಮ... ನನಗೆ ಕಿವಿ ಕೇಳಲ್ಲ."

ಚಿಕ್ಕಮ್ಮನ ಕೈಯಿಂದ ತೂಕದ ಕಲ್ಲು ಜಾರಿತು. "ಅದಕ್ಕೇನಾ... ಎಷ್ಟು ಕರೆದರೂ ತಿರುಗಲ್ಲ, ಸೊಕ್ಕು ಅಂದ್ಕೊಂಡು ಬೈತಿದ್ದೆನಲ್ಲೇ!"

ನಿನ್ನೆಯದನ್ನೆಲ್ಲ ಹೇಳಿ ಅವಳು ಅತ್ತಳು. "ಸದ್ದೇ ಬದುಕು ಅವನದು. ಅಂಥವನಿಗೆ ನಾನ್ಯಾಕೆ? ಹೋಗಲಿ ಬಿಡು."

"ಬೇಡ ಅನ್ನೋದಾದ್ರೆ ಅವನೇ ಅನ್ನಲಿ. ಅವನ ಪರವಾಗಿ ನೀನ್ಯಾಕೆ ಅಂತೀಯ?" ಚಿಕ್ಕಮ್ಮ ಕಣ್ಣೊರೆಸಿಕೊಂಡು ಗದರಿದಳು. "ಏಳು! ಎರಡಾಗಕ್ಕೆ ಹತ್ತೇ ನಿಮಿಷ!"

ಹಿಟ್ಟಿನ ಕೈಯಲ್ಲೇ ಓಡಿದಳು.

ಬಸ್ಸು ಹೊರಡಲು ನಿಂತಿತ್ತು. ಅವನು ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದ. ಅವಳನ್ನು ಕಂಡು ಇಳಿದ.

"ನಿನ್ನೆ ನಾನು ಬೇಕಂತ ಉತ್ತರ ಕೊಡದೆ ಹೋಗಲಿಲ್ಲ," ಏದುಸಿರಿನಲ್ಲಿ ಅಂದಳು. "ಪ್ರಶ್ನೆಯೇ ನನಗೆ ತಲುಪಲಿಲ್ಲ. ನನಗೆ ಗುಬ್ಬಿ ಕೇಳಲ್ಲ. ಹಿಂದಿನಿಂದ ಮೆಲ್ಲಗೆ ಮಾತಾಡಿದ್ರೆ ನೀವೂ ಕೇಳಲ್ಲ. ಇವತ್ತೇ ಗೊತ್ತಾಯ್ತು."

ಅವನ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಮೊದಲ ದಿನ ಆರು ಸಲ ಕೂಗಿದ್ದು... ತುಟಿಯನ್ನೇ ನೋಡುವ ಆ ಕಣ್ಣು...

"ಹಲ್ಲಿ ನೊಣ ನುಂಗಿದ್ರೂ ನನಗೆ ಕೇಳಿಸುತ್ತೆ," ಅವನ ದನಿ ಒಡೆಯಿತು. "ಎಂಟು ದಿನ ಜೊತೆಗಿದ್ದೂ ಇದೊಂದು ಕೇಳಿಸಲಿಲ್ವಾ! ಕೋಪ ಮಾಡ್ಕೊಂಡು ಹೊರಟುಬಿಟ್ಟೆನಲ್ಲ..."

"ಮುಂದೆ ಇನ್ನೂ ಮಂದ ಆಗಬಹುದು. ಹೋಗೋದಾದ್ರೆ ಈಗಲೇ ಹೋಗಿ."

ಅವನು ಚೀಲ ಕೆಳಗಿಟ್ಟ. ಬಿಸಿಲು ತನ್ನ ಮುಖಕ್ಕೆ ಬೀಳುವಂತೆ, ಅವಳ ನೇರ ಎದುರಿಗೆ ಬಂದು ನಿಂತ.

"ಇನ್ನು ಯಾವಾಗಲೂ ಮುಂದೇನೇ ನಿಂತು ಮಾತಾಡ್ತೀನಿ. ನನ್ನನ್ನ ಮದುವೆ ಆಗ್ತೀರಾ?"

ಅವಳು ಅವನ ತುಟಿ ನೋಡಿದಳು. ಕಣ್ಣು ನೋಡಿದಳು.

"ಕೇಳಿಸಲಿಲ್ಲ."

"ನನ್ನನ್ನ ಮದುವೆ ಆಗ್ತೀರಾ...!"

ನಿಲ್ದಾಣದ ಹಣ್ಣಿನ ಅಂಗಡಿಯವರೆಲ್ಲ ಕತ್ತೆತ್ತಿದರು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿದ. "ಹೂಂ ಅಂತೀಯೋ ಊಹೂಂ ಅಂತೀಯೋ ಬೇಗ ಹೇಳಮ್ಮಾ, ಬಸ್ ಬಿಡಬೇಕು!"

"ಬಸ್ ಬಿಡಿ," ಅವಳೆಂದಳು. "ಇವರನ್ನ ಇಲ್ಲೇ ಬಿಡಿ."

ಬಸ್ಸು ಧೂಳೆಬ್ಬಿಸಿ ಹೋಯಿತು. ಅವನ ಅಂಗಿಯ ತೋಳಿನ ಮೇಲೆ ಅವಳ ಐದು ಬೆರಳು ಬೆಳ್ಳಗೆ ಮೂಡಿದ್ದವು.

"ಮೊದಲನೇ ಸಲವೇ ಕೇಳಿಸಿತ್ತು," ಅವಳು ಮೆಲ್ಲಗೆ ಅಂದಳು.

"ಮತ್ತೆ ನನ್ನ ಯಾಕೆ ಕೂಗಿಸಿದ್ರಿ?"

"ಅವತ್ತು ಆರು ಸಲ ಕೂಗಿದ್ದಿರಂತಲ್ಲ, ಒಂದೂ ನನಗೆ ಸಿಗಲಿಲ್ಲ. ಇವತ್ತು ಎರಡು ಬಂತು." ಅವಳ ಕಣ್ಣು ತುಂಬಿ ತುಳುಕಿತು. "ಇನ್ನೂ ನಾಲ್ಕು ಬಾಕಿ ಇದೆ."