ಹೊಲಿಗೆ ಯಂತ್ರದ ಎಣ್ಣೆ

"ನನ್ನ ಬೈಕ್ ಮುಟ್ಟಿ ಅಂತ ನಿಮಗೆ ಯಾರ್ರೀ ಹೇಳಿದ್ದು?"

ಟೈಲರ್ ಯಂತ್ರ ನಿಲ್ಲಿಸಿ ತಲೆ ಎತ್ತಿದ. ಈಗ ಎತ್ತಿದ ಮಹಾನುಭಾವ! ಎದುರುಮನೆಯ ನರ್ಸ್‌ಗೆ ಮೈಯೆಲ್ಲ ಉರಿಯಿತು. ಅವನೇ ಹೊಲಿದುಕೊಟ್ಟ ಬಿಳಿ ಪ್ಯಾಂಟಿನ ತುಂಬ ಕಪ್ಪು ಚುಕ್ಕೆ, ಮೊಣಕೈ ತರಚಿ ಬ್ಯಾಂಡೇಜು.

"ಚೈನ್ ಕಿರ್ ಕಿರ್ ಅಂತಿತ್ತಲ್ಲ, ನಿನ್ನೆ ಸ್ವಲ್ಪ ಎಣ್ಣೆ ಬಿಟ್ಟೆ..."

"ಯಾವ ಎಣ್ಣೆ?"

ಅವನು ಹೊಲಿಗೆ ಯಂತ್ರದ ಎಣ್ಣೆಯ ಚೂಪು ಮೂತಿಯ ಡಬ್ಬಿ ತೋರಿಸಿದ.

"ನೀರಿನಂಥ ಎಣ್ಣೆ! ಎಲ್ಲಾ ಸಿಡಿದು ಟೈರ್‌ಗೆ ಹತ್ತಿದೆ. ತಿರುವಲ್ಲಿ ಜಾರಿಬಿದ್ದೆ. ನಡೀರಿ, ನೀವೇ ಕ್ಲೀನ್ ಮಾಡ್ಬೇಕು."

ಬಾಲ ಮುದುರಿಕೊಂಡು ಅವಳ ಮನೆಯಂಗಳಕ್ಕೆ ಬಂದ. ಬೈಕ್ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಸೋಪುನೀರಲ್ಲಿ ಟೈರ್ ಉಜ್ಜಿಸಿದಳು. ಚೈನ್ ತೊಳೆಯಲು ಸೀಮೆಎಣ್ಣೆ, ಬ್ರಷ್ಷು ಮುಂದಿಟ್ಟಳು.

"ಚಕ್ರ ಕೈಯಲ್ಲೇ ತಿರುಗಿಸಿ. ಇಂಜಿನ್ ಆನ್ ಮಾಡಿದ್ರೆ ಬೆರಳು ಹೋಗುತ್ತೆ, ಆಮೇಲೆ ಯಾವುದ್ರಲ್ಲಿ ಹೊಲೀತೀರಿ?"

"ಕಿರುಚಬೇಡ್ವೇ, ಬೀದಿಗೆಲ್ಲ ಕೇಳುತ್ತೆ," ಎಂದು ಅಮ್ಮ ಕಿಟಕಿಯಿಂದ ಗದರಿದರು.

ಅವನು ಗುಂಡಿಗೆ ಕಾಜಾ ಹೊಲಿಯುವಷ್ಟು ನಾಜೂಕಾಗಿ ಒಂದೊಂದೇ ಕೊಂಡಿ ತಿಕ್ಕಿದ, ಬಟ್ಟೆಯಲ್ಲಿ ಒರೆಸಿದ. ಮಸಿ ಮೆತ್ತಿದ ಆ ಬೆರಳುಗಳೂ ಚೆಂದ ಕಂಡವು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಒಂದು ಕೇಳ್ಲಾ? ಇಷ್ಟೆಲ್ಲ ಗೊತ್ತಿದ್ದೂ ಚೈನ್ ಯಾಕೆ ಒಣಗಿಸ್ಕೊಂಡಿದ್ರಿ?"

ಅವಳ ಮುಖ ಕೆಂಪೇರಿತು. ಸುಳ್ಳು ನಾಲಿಗೆಯ ತುದಿವರೆಗೆ ಬಂದು ವಾಪಸು ಹೋಯಿತು.

"ಆ ಸದ್ದಿಗಾದ್ರೂ ನೀವು ತಲೆ ಎತ್ತಿ ನೋಡ್ತಿದ್ರಿ, ಅದಕ್ಕೆ! ಬೇಕಂತಲೇ ಎಣ್ಣೆ ಹಾಕ್ತಿರ್ಲಿಲ್ಲ. ಇವತ್ತು ಸದ್ದಿಲ್ಲ, ನೀವೂ ನೋಡಲಿಲ್ಲ. ನಾನು ಮಂಗನ ಹಾಗೆ ಹಿಂದೆ ತಿರುಗಿ ತಿರುಗಿ ನೋಡ್ತಾ ಹೋಗಿ ಬಿದ್ದೆ. ಸಾಕಾ?"

ಅವನು ಬ್ರಷ್ಷು ಕೆಳಗಿಟ್ಟ.

"ನಿಮ್ಮನ್ನ ನೋಡೋವಾಗ ಸೂಜಿ ಎಲ್ಲೆಲ್ಲೋ ಓಡ್ತಿತ್ತು ಕಣ್ರೀ. ದಿನಾ ಬೆಳಿಗ್ಗೆ ಹೊಲಿಗೆ ಬಿಚ್ಚಿ ಮತ್ತೆ ಹಾಕ್ತಿದ್ದೆ."

"ಮತ್ತೆ ಆ ಸದ್ದು ಯಾಕೆ ಅಡಗಿಸಿದ್ರಿ?"

"ಚೈನ್ ಕಿತ್ತುಹೋಗಿ ನಿಮಗೇನಾದ್ರೂ ಆದ್ರೆ ಅಂತ..." ಅವನು ಅವಳ ಬ್ಯಾಂಡೇಜಿನ ಕಡೆ ನೋಡಿದ. "ಕೊನೆಗೆ ನಾನೇ ಬೀಳಿಸಿದೆ."

ಅವಳಿಗೆ ಅಳು ಬಂತು. ತೋರಿಸಿಕೊಳ್ಳದೆ ಚೈನಿಗೆಂದೇ ಇರುವ ಮಂದ ಎಣ್ಣೆಯ ಕ್ಯಾನು ಅವನತ್ತ ಚಾಚಿದಳು.

"ಚೈನಿನ ಒಳಮಗ್ಗುಲಿಗೆ ಹಾಕಿ. ಹೆಚ್ಚಾದದ್ದು ಒರೆಸಿ. ಟೈರ್‌ಗೆ ತಾಗಿದ್ರೆ ನೋಡಿ ಮತ್ತೆ!"

ಚಕ್ರ ಸದ್ದಿಲ್ಲದೆ ತಿರುಗಿತು. ಇಬ್ಬರೂ ಅದನ್ನೇ ನೋಡಿದರು.

"ಇನ್ನು ನಾನು ಹೋಗೋದು ನಿಮಗೆ ಹೇಗೆ ಗೊತ್ತಾಗುತ್ತೆ?" ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಬಾಗಿಲಲ್ಲೇ ನಿಂತಿರ್ತೀನಿ. ಇಲ್ಲದಿದ್ರೆ ಹಾರನ್ ಹೊಡೀರಿ."

"ಹಾರನ್ ಯಾಕಪ್ಪಾ, ಇವಳ ಗಂಟಲಿದೆಯಲ್ಲ!" ಎಂದರು ಅಮ್ಮ.

ಮರುದಿನ ಬೆಳಿಗ್ಗೆ ಟೇಪು ಕೊರಳಿಗೆ ಹಾಕಿಕೊಂಡು ಅವನು ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ರಾತ್ರಿಯೆಲ್ಲ ನಿದ್ದೆಗೆಟ್ಟ ಮುಖ. ಅವಳು ಮುಂದೆ ಹೋಗದೆ ಅಲ್ಲೇ ಬ್ರೇಕ್ ಹಾಕಿದಳು.

"ಹತ್ತಿ. ಆ ತಿರುವಿನವರೆಗೆ ಬನ್ನಿ. ಬಿದ್ರೆ ಇಬ್ರೂ ಬೀಳೋಣ."

ಅವನು ಹತ್ತಿದ. ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ.

"ಹಿಡ್ಕೊಳ್ರೀ!" ಎಂದು ಗದರಿದಳು.

ಹೆಗಲ ಮೇಲೆ ಅವನ ಕೈ ಬಿತ್ತು. ತಿರುವಿನಲ್ಲಿ ಬೈಕ್ ಜಾರಲಿಲ್ಲ. ಅವಳು ನಿಲ್ಲಿಸಲೂ ಇಲ್ಲ.